ತೂಕ ಇಳಿಯುವುದು ನಿಂತಿತೆಂದು ಊಟ ಬಿಡಬೇಡಿ

ಬಂಟ್ವಾಳ ತಾಲೂಕಿನ ನಮ್ಮ ಪರಿಚಯದ ಮನೆಯೊಂದರಲ್ಲಿ ನಡೆದ ಸಂಗತಿ ಇದು. ಆ ಮನೆಯ ಉಮ್ಮನಿಗೆ 48 ವರ್ಷ. ‘ಹೆಸರು ಮಾತ್ರ ಹಾಕ್ಬೇಡಿ, ಬೇರೆ ಎಲ್ಲ ಬರೀರಿ, ನಾಲ್ಕು ಜನರಿಗೆ ಉಪಕಾರ ಆಗ್ಲಿ’ ಎಂದು ಅವರೇ ಹೇಳಿದ್ದಾರೆ. ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಗಿತ್ತು. ಮೊಣಕಾಲು ನೋವಿನಿಂದ ಕುರ್ಚಿಯಲ್ಲಿ ಕೂತು ನಮಾಝ್ ಮಾಡಲು ಶುರು ಮಾಡಿ ಒಂದು ವರ್ಷವಾಗಿತ್ತು. ತೂಕ 84 ಕೆ.ಜಿ. ‘ನೆಲದಲ್ಲಿ ಸುಜೂದ್ ಮಾಡ್ಲಿಕ್ಕೆ ಆದ್ರೆ ಸಾಕು, ಬೇರೆ ಎಂತ ಬೇಡ’ ಎಂಬ ಒಂದೇ ಆಸೆಯಿಂದ ಅವರು ತೂಕ ಇಳಿಸಲು ಹೊರಟರು.

ಚಹಾಕ್ಕೆ ಸಕ್ಕರೆ ಬಿಟ್ಟರು. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನ ಅರ್ಧ ಮಾಡಿದರು. ಸುಬುಹಿ ನಮಾಝ್ ಮುಗಿಸಿ ಅರ್ಧ ಗಂಟೆ ಅಂಗಳದಲ್ಲಿ, ಮನೆ ಮುಂದಿನ ರಸ್ತೆಯಲ್ಲಿ ನಡೆದರು. ಮೂರು ತಿಂಗಳಲ್ಲಿ 84 ಇದ್ದದ್ದು 77ಕ್ಕೆ ಬಂತು. ಮನೆಯವರಿಗೆಲ್ಲ ಸಂತೋಷ.

ಆಮೇಲೆ ಮುಳ್ಳು ಅಲ್ಲೇ ನಿಂತಿತು. ಒಂದು ವಾರ, ಎರಡು ವಾರ, ಏಳು ವಾರ. ಅದೇ ಊಟ, ಅದೇ ನಡಿಗೆ, ಅದೇ 77. ಬೇಸರಗೊಂಡ ಉಮ್ಮ ರಾತ್ರಿ ಊಟವನ್ನೇ ಬಿಟ್ಟರು. ಆದರೆ ಸಕ್ಕರೆ ಕಾಯಿಲೆಯ ರಾತ್ರಿ ಮಾತ್ರೆ ಬಿಡಲಿಲ್ಲ. ಹತ್ತನೇ ದಿನ ನಡುರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವರಿ, ಕೈ ನಡುಗಿ, ಮಾತು ತೊದಲಿತು. ಮಗ ಮನೆಯಲ್ಲಿದ್ದ ಯಂತ್ರದಲ್ಲಿ ನೋಡಿದಾಗ ಸಕ್ಕರೆ 62ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗೆ ಹೋದರೆ ಅಪಾಯದ ಲೆಕ್ಕ. ಮಗನಿಗೆ ಎಚ್ಚರವಾಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಆ ಮನೆಯವರು ಈಗಲೂ ಮಾತಾಡಲು ಇಷ್ಟಪಡುವುದಿಲ್ಲ.

ಈ ಲೇಖನ ಅದಕ್ಕಾಗಿಯೇ. ತೂಕ ಇಳಿಸಲು ಹೊರಟ ಬಹುತೇಕ ಎಲ್ಲರಿಗೂ ಇಂತಹ ಒಂದು ನಿಲುಗಡೆ ಬಂದೇ ಬರುತ್ತದೆ. ವೈದ್ಯರು ಇದಕ್ಕೆ ಪ್ಲಾಟೋ ಎನ್ನುತ್ತಾರೆ. ಚಾರ್ಮಾಡಿ ಘಾಟಿ ಇಳಿಯುವಾಗ ನಡುವೆ ಒಂದಷ್ಟು ದೂರ ರಸ್ತೆ ಸಮತಟ್ಟಾಗಿ ಸಿಕ್ಕಿದ ಹಾಗೆ. ಘಾಟಿ ಮುಗಿಯಿತು ಎಂದಲ್ಲ, ಗಾಡಿ ಕೆಟ್ಟಿತು ಎಂದೂ ಅಲ್ಲ. ಆದರೆ ಹೆಚ್ಚಿನವರು ಕೈ ಬಿಡುವುದೂ ಇಲ್ಲಿಯೇ, ತಪ್ಪು ಮಾಡುವುದೂ ಇಲ್ಲಿಯೇ.

ನಿಜವಾಗಿ ನಿಂತಿದೆಯಾ?

ಮೊದಲು ಇದನ್ನು ಖಚಿತ ಮಾಡಿಕೊಳ್ಳಬೇಕು. ತೂಕ ಇಳಿಸಲು ಶುರು ಮಾಡಿದ ಮೊದಲ ಎರಡು ಮೂರು ವಾರ ಮುಳ್ಳು ಬೇಗ ಬೇಗ ಇಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ನೀರು. ನಾವು ತಿನ್ನುವ ಅನ್ನದ ಸಕ್ಕರೆ ಅಂಶವನ್ನು ದೇಹ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲೂ ಮಾಂಸಖಂಡದಲ್ಲೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಅನ್ನ ಕಡಿಮೆ ಮಾಡಿದಾಗ ಈ ದಾಸ್ತಾನು ಖರ್ಚಾಗಿ ನೀರೂ ಹೋಗುತ್ತದೆ. ಕೊಬ್ಬು ಇಳಿಯುವುದು ನಿಧಾನ. ಆದ್ದರಿಂದ ಮೊದಲ ತಿಂಗಳ ವೇಗವನ್ನು ಮೂರನೇ ತಿಂಗಳಲ್ಲಿ ನಿರೀಕ್ಷಿಸಬಾರದು.

ನೀರು ಉಲ್ಟಾ ಆಟವೂ ಆಡುತ್ತದೆ. ಮದುವೆ ಮನೆಯ ಬಿರಿಯಾನಿ, ಒಣಮೀನು ಚಟ್ನಿ, ಉಪ್ಪಿನಕಾಯಿ ತಿಂದ ಮರುದಿನ ಒಂದು ಕೆ.ಜಿ. ಹೆಚ್ಚು ತೋರಿಸಿದರೆ ಅದು ಉಪ್ಪು ಹಿಡಿದಿಟ್ಟ ನೀರು. ಹೆಂಗಸರಿಗೆ ತಿಂಗಳ ಮುಟ್ಟಿನ ಮೊದಲ ದಿನಗಳಲ್ಲೂ ಹೀಗಾಗುತ್ತದೆ. ದಿನಾ ತೂಕ ನೋಡಿ ದಿನಾ ತಲೆಬಿಸಿ ಮಾಡಿಕೊಳ್ಳುವುದಕ್ಕಿಂತ ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಚಹಾಕ್ಕೆ ಮೊದಲು ನೋಡಿ ಬರೆದಿಟ್ಟರೆ ಸಾಕು. ಜೊತೆಗೆ ಟೈಲರ್ ಟೇಪಿನಿಂದ ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ನೋಡಿ. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದು ಲೆಕ್ಕ. ತೂಕ ನಿಂತರೂ ಸೊಂಟ ಇಳಿಯುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ನಾಲ್ಕು ವಾರ ತೂಕವೂ ಸೊಂಟವೂ ಎರಡೂ ಅಲುಗದಿದ್ದರೆ ಮಾತ್ರ ನಿಜವಾಗಿ ನಿಂತಿದೆ ಎನ್ನಬಹುದು.

ದೇಹದ ಖರ್ಚು ಕಡಿಮೆಯಾಯಿತು

84 ಕೆ.ಜಿ.ಯ ದೇಹವನ್ನು ಹೊತ್ತು ನಡೆಸಲು ಬೇಕಾದಷ್ಟು ಶಕ್ತಿ 77 ಕೆ.ಜಿ.ಯ ದೇಹಕ್ಕೆ ಬೇಡ. ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಬಂದರೆ ಕರೆಂಟ್ ಬಿಲ್ ಕಡಿಮೆ ಬರುವ ಹಾಗೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರಾಗಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರ ಲೆಕ್ಕದ ಪ್ರಕಾರ ಒಂದೊಂದು ಕೆ.ಜಿ. ಇಳಿದಾಗಲೂ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ಹಸಿವು ಕೆ.ಜಿ.ಗೆ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಅಂದರೆ ಖರ್ಚು ಕಡಿಮೆಯಾದದ್ದಕ್ಕಿಂತ ಹಸಿವು ಹೆಚ್ಚಾದದ್ದು ಮೂರು ನಾಲ್ಕು ಪಟ್ಟು. ‘ಮನಸ್ಸು ಗಟ್ಟಿ ಇಲ್ಲ’ ಎಂದು ಯಾರನ್ನಾದರೂ ಹೀಯಾಳಿಸುವ ಮೊದಲು ನಾವು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ನಮ್ಮ ಉಮ್ಮನ ವಿಷಯದಲ್ಲಿ ಇದನ್ನು ಹಾಕಿ ನೋಡೋಣ. ಏಳು ಕೆ.ಜಿ. ಇಳಿದದ್ದರಿಂದ ದೇಹದ ಖರ್ಚು ದಿನಕ್ಕೆ 140ರಿಂದ 210 ಕ್ಯಾಲೊರಿ ಕಡಿಮೆಯಾಯಿತು. ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಆ ಲೆಕ್ಕದಲ್ಲಿ ಅವರು ಮೂರು ತಿಂಗಳು ದಿನಕ್ಕೆ ಹೆಚ್ಚೆಂದರೆ 600 ಕ್ಯಾಲೊರಿ ಉಳಿಸಿದ್ದರು. ಅದರಲ್ಲಿ 200 ತನ್ನಷ್ಟಕ್ಕೆ ಹೋಯಿತು. ಉಳಿದ 400 ಎಲ್ಲಿ ಹೋಯಿತು?

ನೋಟ್ ಪುಸ್ತಕ ಹೇಳಿದ್ದು

ಆಸ್ಪತ್ರೆಯ ಆಹಾರ ತಜ್ಞೆ ಅವರಿಗೆ ಹೇಳಿದ್ದು ಒಂದೇ ಮಾತು: ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಊಟವನ್ನು ಮಾತ್ರ ಅಲ್ಲ, ಬಾಯಿಗೆ ಹೋದದ್ದನ್ನೆಲ್ಲ. ಉಮ್ಮನಿಗೆ ಬರೆಯುವ ಅಭ್ಯಾಸ ಇಲ್ಲ, ಕಾಲೇಜಿಗೆ ಹೋಗುವ ಮಗಳು ಬರೆದಳು. ವಾರದ ಕೊನೆಗೆ ಉಮ್ಮನಿಗೇ ಆಶ್ಚರ್ಯ.

ತೂಕ ಇಳಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಬೆಳಗ್ಗೆ ಬಿಸಿನೀರಿಗೆ ಒಂದು ದೊಡ್ಡ ಚಮಚ ಜೇನು: 60 ಕ್ಯಾಲೊರಿ. ಹಸಿವಾದಾಗ ಬಿಸ್ಕತ್ತು ಬೇಡವೆಂದು ಸೌದಿಯಿಂದ ಮಗ ಕಳಿಸಿದ ಸಣ್ಣ ಖರ್ಜೂರ ನಾಲ್ಕು: ಸುಮಾರು 100. ಸಂಜೆ ಒಂದು ಹಿಡಿ ಗೇರುಬೀಜ: ಸುಮಾರು 170. ಮೊಮ್ಮಕ್ಕಳು ಬಟ್ಟಲಲ್ಲಿ ಬಿಟ್ಟ ಅನ್ನ, ಪುಂಡಿಯ ತುಂಡು, ಅರ್ಧ ನೀರುದೋಸೆ, ಎಲ್ಲ ಸೇರಿ ಕಡಿಮೆಯೆಂದರೂ 100. ಒಟ್ಟು 430. ಶುಕ್ರವಾರದ ಘೀ ರೈಸ್ ಇದರಲ್ಲಿ ಸೇರಿಲ್ಲ, ಗಸಿಯ ತೆಂಗಿನಕಾಯಿಯೂ ಸೇರಿಲ್ಲ.

ಇದರಲ್ಲಿ ಒಂದೂ ಹೊಟ್ಟೆಬಾಕತನದ ತಿಂಡಿ ಅಲ್ಲ ಎಂಬುದನ್ನು ಗಮನಿಸಬೇಕು. ಜೇನು, ಖರ್ಜೂರ ಬರ್ಕತ್ತಿನ ಆಹಾರ. ಗೇರುಬೀಜ ಒಳ್ಳೆಯದು. ಮಕ್ಕಳು ಬಿಟ್ಟ ಅನ್ನವನ್ನು ಉಮ್ಮಂದಿರು ತಿನ್ನುವುದು ಆಸೆಗಲ್ಲ, ಅನ್ನ ಬಿಸಾಡಬಾರದು ಎಂಬ ಭಯಭಕ್ತಿಗೆ. ಆದರೆ ದೇಹಕ್ಕೆ ನಮ್ಮ ನಿಯ್ಯತ್ತು ಗೊತ್ತಾಗುವುದಿಲ್ಲ, ಲೆಕ್ಕ ಮಾತ್ರ ಗೊತ್ತಾಗುತ್ತದೆ.

ಉಮ್ಮ ಸುಳ್ಳು ಹೇಳಿದ್ದಲ್ಲ. ‘ನಾನೆಂತ ತಿನ್ನುದು, ಏನೂ ತಿನ್ನುದಿಲ್ಲ’ ಎಂದು ಅವರು ನಿಜವಾಗಿಯೂ ನಂಬಿದ್ದರು. 1992ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದ್ದರು. ಅವರು ತಿಂದದ್ದನ್ನು ನಿಜಕ್ಕಿಂತ ಸರಾಸರಿ 47 ಶೇಕಡಾ ಕಡಿಮೆ ಹೇಳಿದ್ದರು, ಮಾಡಿದ ಚಟುವಟಿಕೆಯನ್ನು 51 ಶೇಕಡಾ ಹೆಚ್ಚು ಹೇಳಿದ್ದರು. ಮರೆವು ಎಲ್ಲ ದೇಶದಲ್ಲೂ ಒಂದೇ. ನೋಟ್ ಪುಸ್ತಕ ಬೇಕಾಗುವುದು ಅದಕ್ಕೇ. ವರ್ಷವಿಡೀ ಬರೆಯಬೇಕಿಲ್ಲ. ತೂಕ ನಿಂತಾಗ ಒಂದು ವಾರ ಬರೆದರೆ ಸೋರುವ ಜಾಗ ಸಿಗುತ್ತದೆ.

ಅನ್ನ ಹಾಳು ಮಾಡುವುದು ತಿನ್ನದೆ ಇರುವಾಗ ಅಲ್ಲ, ಹೆಚ್ಚು ಬಡಿಸುವಾಗ. ಆ ಮನೆಯಲ್ಲಿ ಈಗ ಮಕ್ಕಳಿಗೆ ಮೊದಲು ಅರ್ಧವೇ ಬಡಿಸುತ್ತಾರೆ, ಬೇಕಾದರೆ ಮತ್ತೆ ಕೇಳಬೇಕು. ಉಳಿದ ಸ್ವಲ್ಪ ಕೋಳಿಗಳಿಗೆ, ಬೆಕ್ಕಿಗೆ. ಜೇನು ನಿಂತಿತು. ಖರ್ಜೂರ ನಾಲ್ಕರ ಬದಲು ಎರಡಾಯಿತು. ಗೇರುಬೀಜ ವಾರಕ್ಕೆ ಎರಡು ಸಲಕ್ಕೆ ಬಂತು. ಅಷ್ಟರಲ್ಲೇ ದಿನಕ್ಕೆ ಸುಮಾರು 300 ಕ್ಯಾಲೊರಿ ಉಳಿಯಿತು. ಅನ್ನ ಇನ್ನೂ ಕಡಿಮೆ ಮಾಡಬೇಕಾಗಲಿಲ್ಲ.

ಊಟ ಬಿಟ್ಟರೆ ನಷ್ಟ ಯಾರಿಗೆ?

ಸಕ್ಕರೆ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು, ಮುಖ್ಯವಾಗಿ ಗ್ಲಿಮೆಪಿರೈಡ್ ಜಾತಿಯವು, ಹಾಗೆಯೇ ಇನ್ಸುಲಿನ್, ನಾವು ಊಟ ಮಾಡಿದರೂ ಬಿಟ್ಟರೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ತೂಕ ಇಳಿದ ಮೇಲೆ ಹಳೆಯ ಪ್ರಮಾಣದ ಮಾತ್ರೆ ಹೆಚ್ಚೇ ಆಗಬಹುದು. ನಮ್ಮ ಉಮ್ಮ ಏಳು ಕೆ.ಜಿ. ಇಳಿದ ವಿಷಯವನ್ನು ವೈದ್ಯರಿಗೆ ತಿಳಿಸಿರಲಿಲ್ಲ, ಊಟ ಬಿಟ್ಟದ್ದನ್ನೂ ಹೇಳಿರಲಿಲ್ಲ. ಆ ರಾತ್ರಿಯ ನಂತರ ವೈದ್ಯರು ಮಾತ್ರೆಯ ಪ್ರಮಾಣ ಕಡಿಮೆ ಮಾಡಿದರು. ಸಕ್ಕರೆ, ಬಿಪಿ ಮಾತ್ರೆ ತಿನ್ನುವವರು ನಾಲ್ಕೈದು ಕೆ.ಜಿ. ಇಳಿದ ಕೂಡಲೇ ವೈದ್ಯರನ್ನು ಕಾಣಬೇಕು. ಮಾತ್ರೆ ಸ್ವಂತವಾಗಿ ನಿಲ್ಲಿಸುವುದೂ ತಪ್ಪು.

ಮನೆಯಲ್ಲಿ ಯಾರಿಗಾದರೂ ಹೀಗೆ ಸಕ್ಕರೆ ಇಳಿದು ಬೆವರು, ನಡುಕ ಬಂದರೆ, ಎಚ್ಚರ ಇದ್ದು ನುಂಗಲು ಆಗುವುದಾದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ಊಟ ಬಿಡುವುದು ಲಾಭವಲ್ಲ. ತೀರಾ ಕಡಿಮೆ ತಿಂದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಮಾಂಸಖಂಡ ಕರಗಿದರೆ ದೇಹದ ಖರ್ಚು ಇನ್ನೂ ಇಳಿಯುತ್ತದೆ, ಸುಸ್ತಿನಿಂದ ಓಡಾಟವೂ ಕಡಿಮೆಯಾಗುತ್ತದೆ. ಕೊನೆಗೆ ಒಂದು ದಿನ ತಡೆಯಲಾರದೆ ತಿಂದಾಗ ಹೋದದ್ದೆಲ್ಲ ವಾಪಸ್. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಒಂದು ತಿಂಗಳಲ್ಲಿ ಹತ್ತು ಕೆ.ಜಿ.’ ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಒಳಗೆ ಏನಿದೆ ಎಂದು ಡಬ್ಬದ ಮೇಲೆ ಸರಿಯಾಗಿ ಬರೆಯದ ಪುಡಿಯನ್ನು, ಅದರಲ್ಲೂ ಕಿಡ್ನಿ, ಲಿವರ್, ಸಕ್ಕರೆಯ ತೊಂದರೆ ಇದ್ದವರು, ವೈದ್ಯರಿಗೆ ತೋರಿಸದೆ ಮುಟ್ಟಬಾರದು.

ಮೀನು ಇರಲಿ, ಕುರ್ಚಿ ಸಾಕು

ಮಾಂಸಖಂಡ ಉಳಿಸಲು ಎರಡು ಬೇಕು: ಪ್ರೊಟೀನು ಮತ್ತು ಕೆಲಸ. ಪ್ರೊಟೀನಿಗೆ ನಮ್ಮ ಕರಾವಳಿಯವರು ಪುಡಿ ಡಬ್ಬ ಹುಡುಕಬೇಕಿಲ್ಲ. 100 ಗ್ರಾಂ ಬಂಗುಡೆಯಲ್ಲಿ ಸುಮಾರು 18ರಿಂದ 20 ಗ್ರಾಂ ಪ್ರೊಟೀನು ಉಂಟು, ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಬೂತಾಯಿ, ಕಡಲೆ, ಹೆಸರುಕಾಳು ಎಲ್ಲ ಆಗುತ್ತದೆ. ತೊಂದರೆ ಮೀನಿನದ್ದಲ್ಲ, ಎಣ್ಣೆಯದ್ದು. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ತುಪ್ಪವೂ ಹೆಚ್ಚು ಕಡಿಮೆ ಅಷ್ಟೇ. ಫ್ರೈ ಮಾಡುವ ಬದಲು ಪುಳಿಮುಂಚಿ, ಬಾಳೆಲೆಯಲ್ಲಿ ಸುತ್ತಿ ಕಾವಲಿಯಲ್ಲಿ ಬೇಯಿಸಿದ್ದು ಒಳ್ಳೆಯದು. ಒಬ್ಬರಿಗೆ ದಿನಕ್ಕೆ 25ರಿಂದ 30 ಗ್ರಾಂ ಎಂದು ಹಿಡಿದರೆ ಐದು ಜನರ ಮನೆಗೆ ತಿಂಗಳಿಗೆ ತೆಂಗಿನೆಣ್ಣೆ, ತುಪ್ಪ ಎಲ್ಲ ಸೇರಿ ನಾಲ್ಕೂವರೆ ಲೀಟರ್ ದಾಟಬಾರದು. ಅಂಗಡಿ ಚೀಟಿ ತೆಗೆದು ಒಮ್ಮೆ ನೋಡಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೊಟೀನು ಎಷ್ಟು ಎಂದು ವೈದ್ಯರನ್ನೇ ಕೇಳಬೇಕು.

ಕೆಲಸ ಎಂದರೆ ಜಿಮ್ಮೇ ಆಗಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಷ್ಟು ನಡಿಗೆ, ಜೊತೆಗೆ ವಾರಕ್ಕೆ ಎರಡು ದಿನ ಮಾಂಸಖಂಡಕ್ಕೆ ಬಲ ಕೊಡುವ ವ್ಯಾಯಾಮ. ಎರಡನೆಯದನ್ನು ನಮ್ಮಲ್ಲಿ ಹೆಚ್ಚಿನವರು ಮಾಡುವುದೇ ಇಲ್ಲ. ಅಲುಗಾಡದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ಹತ್ತು ಸಲ ದೂಡುವುದು, ಎರಡು ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ಎತ್ತಿ ಇಳಿಸುವುದು. ಬಾಗಿಲು ಹಾಕಿಕೊಂಡು ಮನೆಯೊಳಗೇ ಮಾಡಬಹುದು. ನಮ್ಮ ಉಮ್ಮ ನಮಾಝಿನ ಕುರ್ಚಿಯನ್ನೇ ಇದಕ್ಕೆ ಬಳಸಿದರು. ಮೊದಲ ವಾರ ಮೂರು ಸಲ ಏಳುವುದೇ ಕಷ್ಟವಾಗಿತ್ತು. ನೋವಿರುವ ಮೊಣಕಾಲಿಗೆ ಎಷ್ಟು ಮಾಡಬಹುದು ಎಂದು ಫಿಸಿಯೋಥೆರಪಿಯವರನ್ನು ಕೇಳಿ ಶುರು ಮಾಡುವುದು ಒಳ್ಳೆಯದು.

ಒಬ್ಬರ ಪಥ್ಯ, ಇಡೀ ಮನೆಯ ಬಟ್ಟಲು

ನಮ್ಮ ಮನೆಗಳಲ್ಲಿ ಪಥ್ಯ ಮಾಡುವವಳೇ ಅಡುಗೆಯವಳು. ಅವಳ ಬಟ್ಟಲಲ್ಲಿ ಅರ್ಧ ಅನ್ನ, ಕೈಯಲ್ಲಿ ಎಲ್ಲರಿಗೂ ಕರಿಯುವ ಸಮೋಸಾದ ಸಟ್ಟುಗ. ಉಪ್ಪು ನೋಡಲು ಒಂದು, ಬೆಂದಿದೆಯಾ ನೋಡಲು ಇನ್ನೊಂದು. ಮನೆಯ ಗಂಡಸರು ‘ನೀನು ಪಥ್ಯ ಮಾಡು, ನಮಗೆ ಮಾತ್ರ ಘೀ ರೈಸ್ ಇರ್ಲಿ’ ಎಂದರೆ ಅವಳ ತೂಕ ಇಳಿಯುವುದು ಹೇಗೆ? ಗಲ್ಫಿನಿಂದ ರಜೆಗೆ ಬಂದ ಮಗನಿಗೆ ಎರಡು ತಿಂಗಳು ದಿನಾ ಸತ್ಕಾರದ ಅಡುಗೆ ಮಾಡಿದರೆ ಅವನ ಹೊಟ್ಟೆಯೂ ಬೆಳೆಯುತ್ತದೆ, ಮಾಡಿದವಳದ್ದೂ ಬೆಳೆಯುತ್ತದೆ. ಕರಿದ ತಿಂಡಿ ವಾರಕ್ಕೊಮ್ಮೆ ಎಂದು ಇಡೀ ಮನೆ ಒಪ್ಪಿದರೆ ಅವಳ ಅರ್ಧ ಕಷ್ಟ ಮುಗಿಯಿತು.

ಕುಟುಂಬದ ಮನೆಗೆ ಹೋದಾಗ ಬೇಡ ಎಂದರೆ ಬೇಸರ ಮಾಡುತ್ತಾರೆ ಎಂಬ ಭಯ ಬೇರೆ. ‘ಸ್ವಲ್ಪ ತಿನ್ನಿ, ಎಂತ ಆಗ್ಲಿಕ್ಕಿಲ್ಲ’ ಎಂಬ ಪ್ರೀತಿಯ ಒತ್ತಾಯ ನಮಗೆಲ್ಲ ಗೊತ್ತು. ಹೊಟ್ಟೆಯನ್ನು ಪೂರ್ತಿ ತುಂಬಿಸದೆ ನೀರಿಗೂ ಉಸಿರಿಗೂ ಜಾಗ ಬಿಡಬೇಕು ಎಂಬುದು ಪ್ರವಾದಿ ಮುಹಮ್ಮದ್ (ಸ)ರ ಬೋಧನೆ. ಅದನ್ನು ಅತಿಥಿ ನೆನಪಿಟ್ಟರೆ ಸಾಲದು, ಬಡಿಸುವವರೂ ನೆನಪಿಡಬೇಕು. ಅತಿಥಿ ಸಾಕು ಎಂದಾಗ ಸಟ್ಟುಗ ಹಿಂದೆ ತೆಗೆಯುವುದೂ ಸತ್ಕಾರವೇ.

ರಮಝಾನ್ ಬಗ್ಗೆಯೂ ಒಂದು ಮಾತು. ಉಪವಾಸದಲ್ಲಿ ತೂಕ ತಾನಾಗಿ ಇಳಿಯುತ್ತದೆ ಎಂದು ಕಾಯುವವರುಂಟು. ಇಫ್ತಾರ್‌ನಲ್ಲಿ ಕಟ್ಲೆಟ್, ಸಮೋಸಾ, ಸಿಹಿ ಶರಬತ್ತು, ಮತ್ತೆ ರಾತ್ರಿಯ ಊಟ ಎಲ್ಲ ಸೇರಿದರೆ ಹಗಲಿನ ಉಳಿತಾಯ ಒಂದೇ ಗಂಟೆಯಲ್ಲಿ ಮುಗಿಯುತ್ತದೆ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಂದೆರಡು ತಿಂಗಳ ಮೊದಲೇ ವೈದ್ಯರನ್ನು ಕೇಳಬೇಕು. ರೋಗಿಗಳಿಗೆ ಧರ್ಮವೇ ರಿಯಾಯಿತಿ ಕೊಟ್ಟಿದೆ.

ಲೆಕ್ಕವೆಲ್ಲ ಸರಿಯಿದ್ದೂ ಎರಡು ಮೂರು ತಿಂಗಳು ಅಲುಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಣ್ಣುಮಕ್ಕಳಲ್ಲಿ ಮುಟ್ಟು ಸರಿಯಾಗಿ ಆಗದಿದ್ದರೆ ಪಿಸಿಒಡಿ, ಜೋರಾಗಿ ಗೊರಕೆ ಹೊಡೆದು ಹಗಲಿಡೀ ನಿದ್ದೆ ತೂಗುವವರಲ್ಲಿ ಉಸಿರು ಕಟ್ಟುವ ತೊಂದರೆ ಇದೆಯೇ ಎಂದು ನೋಡಿಸಬೇಕು. ಸ್ಟೀರಾಯ್ಡ್, ಇನ್ಸುಲಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಗಳೂ ತೂಕವನ್ನು ಹಿಡಿದಿಡುತ್ತವೆ. ಬದಲಿ ಇದೆಯೇ ಎಂದು ವೈದ್ಯರನ್ನು ಕೇಳಬಹುದು.

ನಿಂತದ್ದೂ ಗೆಲುವೇ

ಇಳಿದದ್ದನ್ನು ಸಣ್ಣದು ಎಂದುಕೊಳ್ಳಬಾರದು. ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಗುರಿ ಇಟ್ಟದ್ದು ಬರೀ 7 ಶೇಕಡಾ ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು. ಅಷ್ಟರಿಂದಲೇ ಕಾಯಿಲೆ ಬರುವ ಸಾಧ್ಯತೆ 58 ಶೇಕಡಾ ಕಡಿಮೆಯಾಗಿತ್ತು. ಮೊಣಕಾಲು ಸವೆದವರ ಮೇಲೆ ನಡೆದ ಇನ್ನೊಂದು ಅಧ್ಯಯನದ ಪ್ರಕಾರ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲೆ ಬೀಳುವ ಭಾರ ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ. ಏಳು ಕೆ.ಜಿ. ಇಳಿಸಿದ ನಮ್ಮ ಉಮ್ಮನ ಮೊಣಕಾಲಿನಿಂದ ಪ್ರತಿ ಹೆಜ್ಜೆಗೂ 28 ಕೆ.ಜಿ. ಇಳಿದಿತ್ತು, ಅರ್ಧ ಮೂಟೆ ಅಕ್ಕಿಗಿಂತ ಹೆಚ್ಚು. ಮುಳ್ಳು ನಿಂತ ಏಳು ವಾರವೂ ಆ ಭಾರ ವಾಪಸ್ ಏರಿರಲಿಲ್ಲ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಆಮೇಲಿನ ನಾಲ್ಕು ತಿಂಗಳಲ್ಲಿ ಅವರು ಇನ್ನೂ ಮೂರು ಕೆ.ಜಿ. ಇಳಿದರು. ಈಗ 74. ಮತ್ತೆ ಒಂದು ತಿಂಗಳಿಂದ ಅಲ್ಲೇ ನಿಂತಿದೆ. ಈ ಸಲ ಊಟ ಬಿಟ್ಟಿಲ್ಲ, ಮಗಳು ನೋಟ್ ಪುಸ್ತಕ ಹೊರಗೆ ತೆಗೆದಿದ್ದಾಳೆ. ಸುಜೂದ್ ವಿಷಯ ಕೇಳಿದೆವು. ‘ಸುಬುಹಿ ಮಾತ್ರ ನೆಲದಲ್ಲಿ ಆಗ್ತದೆ, ನೋವು ಸ್ವಲ್ಪ ಉಂಟು. ಬಾಕಿ ನಾಲ್ಕು ಕುರ್ಚಿಯಲ್ಲೇ’ ಎಂದರು. ಐದರಲ್ಲಿ ಒಂದು ನೆಲಕ್ಕೆ ಬಂದಿದೆ.